ಬ್ಲಾಕ್‌ಚೈನ್: ಅಳಿಸಲಾಗದ ಪುಸ್ತಕದಲ್ಲಿ ಬರೆಯುವವರು ಯಾರು?

2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಲೇಖನವೊಂದು ಹೊರಬಂತು. ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಹುಟ್ಟಿದ್ದು ಅದರಿಂದ. ಬ್ಲಾಕ್‌ಚೈನ್ ಎಂದರೇನು ಎಂದು ಕೇಳಿದವರಿಗೆ ಇಂದಿಗೂ ತೋರಿಸುವುದು ಅದನ್ನೇ. ಆದರೆ ಆ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ 'ಬ್ಲಾಕ್‌ಚೈನ್' ಎಂಬ ಪದ ಒಮ್ಮೆಯೂ ಸಿಗುವುದಿಲ್ಲ. ಬ್ಲಾಕ್ ಇದೆ, ಚೈನ್ ಇದೆ, ಎರಡೂ ಬೆಸೆದುಕೊಂಡ ಪದವಿಲ್ಲ. ಅದು ಆಮೇಲೆ ಬಳಸುವವರ ಬಾಯಲ್ಲಿ ಹುಟ್ಟಿ, ಬಿಟ್‌ಕಾಯಿನ್‌ನಿಂದ ಬಿಡಿಸಿಕೊಂಡು, ತನ್ನದೇ ದಾರಿ ಹಿಡಿಯಿತು.

ದಾರಿ ಹಿಡಿದ ಪದ ಎಲ್ಲೆಲ್ಲಿಗೋ ಹೋಯಿತು. 2017ರ ಡಿಸೆಂಬರ್‌ನಲ್ಲಿ ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಎಂಬ ಅಮೆರಿಕದ ತಂಪುಪಾನೀಯ ಕಂಪನಿ ತನ್ನ ಹೆಸರನ್ನು ಲಾಂಗ್ ಬ್ಲಾಕ್‌ಚೈನ್ ಎಂದು ಬದಲಿಸುವುದಾಗಿ ಘೋಷಿಸಿತು. ಅದೇ ದಿನ ಅದರ ಷೇರಿನ ಬೆಲೆ ಎರಡು ಪಟ್ಟನ್ನೂ ಮೀರಿ ಏರಿತು. ಕೈಯಲ್ಲಿ ತಂತ್ರಜ್ಞಾನವಿರಲಿಲ್ಲ, ಗ್ರಾಹಕರಿರಲಿಲ್ಲ, ಇದ್ದದ್ದು ಹೆಸರು ಮಾತ್ರ. ಹೇಳಿಕೊಂಡ ಬ್ಲಾಕ್‌ಚೈನ್ ವ್ಯವಹಾರ ಶುರುವಾಗಲೇ ಇಲ್ಲ. 2021ರಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ ಆ ಷೇರುಗಳ ನೋಂದಣಿಯನ್ನೇ ರದ್ದು ಮಾಡಿತು.

ಇಂದು ಈ ಪದವನ್ನು ಕನಿಷ್ಠ ಮೂರು ಅರ್ಥಗಳಲ್ಲಿ ಬಳಸುತ್ತಾರೆ. ಒಂದು, ದಾಖಲೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿಡುವ ವಿಧಾನ. ಇನ್ನೊಂದು, ಯಾರೊಬ್ಬರ ಒಡೆತನವೂ ಇಲ್ಲದ ಸಾರ್ವಜನಿಕ ಜಾಲ. ಮತ್ತೊಂದು, 'ಇಲ್ಲಿ ಮೋಸಕ್ಕೆ ಎಡೆಯೇ ಇಲ್ಲ' ಎಂಬ ಭರವಸೆ. ಮೊದಲನೆಯದು ಗಟ್ಟಿಯಾದ ಗಣಿತ. ಎರಡನೆಯದು ಮನುಷ್ಯರು ಒಪ್ಪಿಕೊಂಡು ನಡೆಸುವ ಏರ್ಪಾಡು. ಮೂರನೆಯದು ಬಹುಪಾಲು ಮಾರಾಟದ ಮಾತು. ಮೊದಲನೆಯದರ ಗಟ್ಟಿತನವನ್ನು ಮುಂದಿಟ್ಟು ಮೂರನೆಯದನ್ನು ಮಾರುವುದು ನಡೆದೇ ಇದೆ, ಅದರಲ್ಲಿ ದುಡ್ಡು ಕಳೆದುಕೊಳ್ಳುವವರು ಸಾಮಾನ್ಯ ಜನ. ಅದಕ್ಕಾಗಿಯೇ ಈ ಮೂರನ್ನೂ ಬಿಡಿಸಿ ನೋಡಬೇಕು ಎಂದು ನನಗೆ ಅನ್ನಿಸುತ್ತದೆ.

ಪತ್ರಿಕೆಯ ಮೂಲೆಯಲ್ಲಿ ಅಚ್ಚಾದ ಗುರುತು

ಸತೋಶಿಯ ಲೇಖನದ ಕೊನೆಯಲ್ಲಿ ಎಂಟು ಆಕರಗಳ ಪಟ್ಟಿಯಿದೆ. ಎಂಟರಲ್ಲಿ ಮೂರು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಎಂಬ ಇಬ್ಬರು ಸಂಶೋಧಕರ ಕೆಲಸಗಳು. ಬೆಲ್‌ಕೋರ್ ಸಂಶೋಧನಾ ಸಂಸ್ಥೆಯಲ್ಲಿದ್ದ ಇವರು 1991ರಲ್ಲಿ ಪ್ರಕಟಿಸಿದ ಪ್ರಬಂಧ ಸರಳವಾದ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು: ಕಂಪ್ಯೂಟರ್‌ನಲ್ಲಿರುವ ಒಂದು ಕಡತ ಇಂಥ ದಿನ ಇದೇ ರೂಪದಲ್ಲಿ ಇತ್ತು ಎಂದು ಸಾಬೀತು ಮಾಡುವುದು ಹೇಗೆ?

ಕಾಗದದ ಮೇಲೆ ತಿದ್ದಿದರೆ ಕಲೆ ಉಳಿಯುತ್ತದೆ. ಶಾಯಿ ಬೇರೆಯಾಗುತ್ತದೆ, ಹಾಳೆ ಕಿತ್ತರೆ ಹೊಲಿಗೆ ಹೇಳುತ್ತದೆ. ಕಂಪ್ಯೂಟರ್ ಕಡತದಲ್ಲಿ ತಿದ್ದಿದ್ದಕ್ಕೆ ಗುರುತೇ ಇಲ್ಲ, ಕಡತದ ದಿನಾಂಕವನ್ನೂ ಬೇಕಾದಂತೆ ಬದಲಿಸಬಹುದು. ನಂಬಿಕಸ್ಥ ಸಂಸ್ಥೆಯೊಂದರ ಬಳಿ ಪ್ರತಿ ಇಟ್ಟರಾಯಿತಲ್ಲ ಎನ್ನಬಹುದು. ಆ ಸಂಸ್ಥೆಯೇ ಒಳಗೊಳಗೆ ಕೈಜೋಡಿಸಿದರೆ? ಬೇಲಿಯೇ ಎದ್ದು ಹೊಲ ಮೇಯುವ ಸಾಧ್ಯತೆಯನ್ನು ಇವರಿಬ್ಬರೂ ಮೊದಲಿನಿಂದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಅವರ ಕೈಯಲ್ಲಿದ್ದ ಉಪಕರಣ ಹ್ಯಾಶ್. ಯಾವುದೇ ಕಡತವನ್ನು, ಅದು ಒಂದು ಸಾಲಿನ ಪತ್ರವಾಗಲಿ ಇಡೀ ಗ್ರಂಥಾಲಯವಾಗಲಿ, ಒಂದು ಲೆಕ್ಕಕ್ಕೆ ಒಡ್ಡಿ ನಿಗದಿತ ಉದ್ದದ ಸಂಖ್ಯೆಯನ್ನು ಪಡೆಯುವ ವಿಧಾನ ಅದು. ಇಂದು ಹೆಚ್ಚು ಬಳಕೆಯಲ್ಲಿರುವ ಎಸ್‌ಎಚ್‌ಎ-256 ವಿಧಾನದಲ್ಲಿ ಈ ಸಂಖ್ಯೆ 256 ಬಿಟ್‌ಗಳದ್ದು. ಬರೆದರೆ 64 ಅಂಕಿ-ಅಕ್ಷರಗಳು. ಅದೇ ಕಡತ ಕೊಟ್ಟರೆ ಸಾವಿರ ಸಲವೂ ಅದೇ ಸಂಖ್ಯೆ ಬರುತ್ತದೆ. ಒಂದು ಅಲ್ಪವಿರಾಮ ಅಳಿಸಿದರೆ ಸಾಕು, ಬರುವ ಸಂಖ್ಯೆಗೂ ಹಿಂದಿನದಕ್ಕೂ ಯಾವ ಹೋಲಿಕೆಯೂ ಇರುವುದಿಲ್ಲ. ಸಂಖ್ಯೆಯನ್ನು ನೋಡಿ ಕಡತ ಏನಿತ್ತೆಂದು ಹಿಂದಕ್ಕೆ ಲೆಕ್ಕ ಹಾಕಲು ದಾರಿಯಿಲ್ಲ. ಬರಬಹುದಾದ ಬೇರೆ ಬೇರೆ ಹ್ಯಾಶ್‌ಗಳ ಎಣಿಕೆಯೇ 78 ಅಂಕಿಗಳ ಸಂಖ್ಯೆಯಾದ್ದರಿಂದ ಎರಡು ಕಡತಗಳಿಗೆ ಒಂದೇ ಹ್ಯಾಶ್ ಬರುವಂತೆ ಬೇಕೆಂದೇ ಹೊಂದಿಸುವುದು ಇಂದಿನ ಯಾವ ಕಂಪ್ಯೂಟರ್‌ನ ಕೈಯಲ್ಲೂ ಆಗದ ಕೆಲಸ. ಹಾಗಾಗಿ ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟಿನ ಗುರುತು.

ಹೇಬರ್ ಮತ್ತು ಸ್ಟೋರ್ನೆಟ್ಟಾ ಸೇರಿಸಿದ್ದು ಕೊಂಡಿಯನ್ನು. ಪ್ರತಿ ಹೊಸ ದಾಖಲೆಯ ಪ್ರಮಾಣಪತ್ರದೊಳಗೆ ಹಿಂದಿನ ಪ್ರಮಾಣಪತ್ರದ ಹ್ಯಾಶನ್ನೂ ಸೇರಿಸಿಬಿಡುವುದು. ಆಗ ನಡುವಿನ ಒಂದನ್ನು ತಿದ್ದಿದರೆ ಅದರ ಹ್ಯಾಶ್ ಬದಲಾಗುತ್ತದೆ, ಮುಂದಿನದರಲ್ಲಿ ಬರೆದಿಟ್ಟ ಹ್ಯಾಶ್‌ಗೂ ಅದಕ್ಕೂ ತಾಳೆಯಾಗುವುದಿಲ್ಲ. ಮುಂದಿನದನ್ನೂ ತಿದ್ದಿದರೆ ಅದರ ಮುಂದಿನದು ತಪ್ಪುತ್ತದೆ. ಒಂದು ಸುಳ್ಳನ್ನು ಮುಚ್ಚಲು ಅಲ್ಲಿಂದಾಚೆಗಿನ ಎಲ್ಲವನ್ನೂ ಹೊಸದಾಗಿ ಬರೆಯಬೇಕು.

ಬರೆದರೆ? ಇಡೀ ಸರಪಳಿಯನ್ನೇ ಹೊಸದಾಗಿ ಬರೆದು ಇದೇ ಮೊದಲಿನದು ಎಂದು ವಾದಿಸಿದರೆ? ಇದಕ್ಕೆ ಅವರು ಕಂಡುಕೊಂಡ ಉತ್ತರ ನನಗೆ ತುಂಬ ಇಷ್ಟ. ಶೂರಿಟಿ ಎಂಬ ಅವರ ಕಂಪನಿ 1995ರಿಂದ ವಾರಕ್ಕೊಮ್ಮೆ, ಆವರೆಗಿನ ಎಲ್ಲ ದಾಖಲೆಗಳ ಒಟ್ಟು ಗುರುತಾದ ಒಂದೇ ಒಂದು ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಸೂಚನೆಗಳು ಮತ್ತು ಕಳೆದುಹೋದ ವಸ್ತುಗಳ ಕಿರು ಜಾಹೀರಾತುಗಳ ನಡುವೆ ಅಚ್ಚು ಹಾಕಿಸತೊಡಗಿತು. ಲಕ್ಷಾಂತರ ಮನೆಗಳಿಗೆ, ಗ್ರಂಥಾಲಯಗಳಿಗೆ ಹೋದ ಆ ಪತ್ರಿಕೆಯ ಎಲ್ಲ ಪ್ರತಿಗಳನ್ನೂ ಹಿಂದಕ್ಕೆ ತರಿಸಿ ತಿದ್ದಲು ಯಾರಿಂದಲೂ ಆಗದು. ಗಣಿತ ಸರಪಳಿಯನ್ನು ಕಟ್ಟಿತು. ಅದಕ್ಕೆ ಭದ್ರತೆ ಸಿಕ್ಕಿದ್ದು ಎಲ್ಲರ ಕಣ್ಣಿಗೂ ಬೀಳುವ ಸಾರ್ವಜನಿಕ ಜಾಗದಿಂದ.

ಎಂಬತ್ತು ಬೈಟ್‌ಗಳು

ಬಿಟ್‌ಕಾಯಿನ್‌ನ ಮೊದಲ ಬ್ಲಾಕ್, ಅಂದರೆ ವಹಿವಾಟುಗಳ ದಾಖಲೆಯ ಮೊದಲ ಕಂತೆ, 2009ರ ಜನವರಿ 3ರದ್ದು. ಅದನ್ನು ಇಂದಿಗೂ ಯಾರು ಬೇಕಾದರೂ ತೆರೆದು ನೋಡಬಹುದು. ಪ್ರತಿ ಬ್ಲಾಕ್‌ಗೂ ಒಂದು ತಲೆಬರಹದ ಭಾಗವಿರುತ್ತದೆ. ಅದರ ಗಾತ್ರ 80 ಬೈಟ್ ಮಾತ್ರ, ಅಂದರೆ ಒಂದು ಸಣ್ಣ ವಾಕ್ಯದಷ್ಟು. ಅದರಲ್ಲಿ ಆರು ಸಂಗತಿಗಳಿವೆ: ಆವೃತ್ತಿಯ ಸಂಖ್ಯೆ, ಹಿಂದಿನ ಬ್ಲಾಕ್‌ನ ಹ್ಯಾಶ್, ಈ ಬ್ಲಾಕ್‌ನಲ್ಲಿರುವ ಎಲ್ಲ ವಹಿವಾಟುಗಳ ಒಟ್ಟು ಹ್ಯಾಶ್, ಸಮಯ, ಕಷ್ಟದ ಮಟ್ಟ, ಕೊನೆಗೆ ನಾನ್ಸ್ ಎಂಬ ಒಂದು ಸಂಖ್ಯೆ. ಮೊದಲ ಬ್ಲಾಕ್‌ಗೆ ಹಿಂದಿನದು ಎಂಬುದಿಲ್ಲವಾದ್ದರಿಂದ ಹಿಂದಿನ ಹ್ಯಾಶ್‌ನ ಜಾಗದಲ್ಲಿ ಬರೀ ಸೊನ್ನೆಗಳಿವೆ. ನಾನ್ಸ್‌ನ ಜಾಗದಲ್ಲಿ ಇರುವುದು 2083236893.

ಈ ಸಂಖ್ಯೆಗೆ ಒಳಾರ್ಥವೇನೂ ಇಲ್ಲ. ತಲೆಬರಹದ ಹ್ಯಾಶ್ ಇಂತಿಷ್ಟು ಸೊನ್ನೆಗಳಿಂದ ಆರಂಭವಾಗಬೇಕು ಎಂಬುದು ನಿಯಮ. ಹ್ಯಾಶ್ ಹೇಗೆ ಬರುತ್ತದೆಂದು ಮೊದಲೇ ಊಹಿಸಲಾಗದು. ಆದ್ದರಿಂದ ನಾನ್ಸ್‌ನ ಜಾಗದಲ್ಲಿ ಒಂದಾದ ಮೇಲೊಂದು ಸಂಖ್ಯೆ ಹಾಕಿ, ಹ್ಯಾಶ್ ತೆಗೆದು, ಸೊನ್ನೆಗಳು ಬಂದವೇ ಎಂದು ನೋಡುತ್ತಲೇ ಇರಬೇಕು. ಹುಡುಕಿ ಸುಸ್ತಾಗುವುದೇ ಕೆಲಸ, ಸಿಕ್ಕ ಸಂಖ್ಯೆಯೇ ಕೆಲಸ ಮಾಡಿದ್ದಕ್ಕೆ ರುಜುವಾತು. ಇದನ್ನೇ ಮೈನಿಂಗ್ ಎಂದು ಕರೆಯುವುದು. ಆ ಮೊದಲ ದಿನಗಳಲ್ಲಿ ಎಂಟು ಸೊನ್ನೆ ಸಾಕಾಗಿತ್ತು. ಇಂದು ಕನಿಷ್ಠ 19 ಬೇಕು, ಒಂದೊಂದು ಸೊನ್ನೆ ಹೆಚ್ಚಾದಂತೆಲ್ಲ ಕಷ್ಟ 16 ಪಟ್ಟು ಏರುತ್ತದೆ.

ಇಷ್ಟೆಲ್ಲ ಶ್ರಮ ಯಾಕೆ? ಹೇಬರ್-ಸ್ಟೋರ್ನೆಟ್ಟಾ ಸರಪಳಿಗೆ ಬರೆಯುವ ಒಂದು ಕಂಪನಿಯಿತ್ತು. ಅಂಥ ಕಂಪನಿಯೇ ಬೇಡ, ಯಾರು ಬೇಕಾದರೂ ಬರೆಯಬಹುದು ಎಂದ ಕೂಡಲೇ ಹೊಸ ತೊಡಕು ಹುಟ್ಟುತ್ತದೆ. ಡಿಜಿಟಲ್ ಹಣ ಎಂದರೆ ಒಂದು ಕಡತ, ಕಡತವನ್ನು ನಕಲು ಮಾಡಬಹುದು. ಒಂದೇ ನಾಣ್ಯವನ್ನು ಇಬ್ಬರಿಗೆ ಕೊಟ್ಟರೆ ಯಾವುದು ಮೊದಲು ಎಂದು ತೀರ್ಮಾನಿಸುವವರು ಯಾರು? ಮತ ಹಾಕಿ ತೀರ್ಮಾನಿಸೋಣ ಎಂದರೆ ಒಬ್ಬನೇ ಲಕ್ಷ ಹೆಸರುಗಳಲ್ಲಿ ಬಂದು ಲಕ್ಷ ಮತ ಹಾಕಬಹುದು. ಸತೋಶಿ ಮತವನ್ನು ಹೆಸರಿನ ಬದಲು ವಿದ್ಯುತ್ತಿಗೆ ಕಟ್ಟಿದರು. ಸುಳ್ಳು ಹೆಸರು ಸೃಷ್ಟಿಸಲು ಖರ್ಚಿಲ್ಲ, ಆದರೆ ಹ್ಯಾಶ್ ಹುಡುಕಲು ಯಂತ್ರ ಬೇಕು, ಕರೆಂಟ್ ಬೇಕು. ಹೆಚ್ಚು ಶ್ರಮ ಹೂಡಿ ಕಟ್ಟಿದ ಸರಪಳಿಯೇ ಸರಿಯಾದದ್ದೆಂದು ಎಲ್ಲರೂ ಒಪ್ಪುತ್ತಾರೆ. ಹಳೆಯದನ್ನು ತಿದ್ದಲು ಬಯಸುವವನು ಅಲ್ಲಿಂದಾಚೆಗಿನ ಶ್ರಮವನ್ನೆಲ್ಲ ಒಬ್ಬನೇ ಮತ್ತೆ ಮಾಡಬೇಕು, ಅದೂ ಮಿಕ್ಕವರೆಲ್ಲ ಮುಂದೆ ಓಡುತ್ತಿರುವಾಗ.

ಪ್ರಾಮಾಣಿಕರಾಗಿ ದುಡಿದವರಿಗೆ ಹೊಸ ನಾಣ್ಯಗಳ ಬಹುಮಾನವಿದೆ. ಆರಂಭದಲ್ಲಿ ಪ್ರತಿ ಬ್ಲಾಕ್‌ಗೆ 50 ಇದ್ದದ್ದು 2,10,000 ಬ್ಲಾಕ್‌ಗಳಿಗೊಮ್ಮೆ ಅರ್ಧವಾಗುತ್ತ ಬಂದು 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು ನಾಣ್ಯಗಳ ಸಂಖ್ಯೆ 2.1 ಕೋಟಿ ಮೀರದಂತೆ ಇದು ನಡೆಯುತ್ತದೆ. ಹತ್ತು ನಿಮಿಷಕ್ಕೊಂದು ಬ್ಲಾಕ್ ಬರುವಂತೆ ಪ್ರತಿ 2,016 ಬ್ಲಾಕ್‌ಗಳಿಗೊಮ್ಮೆ ಕಷ್ಟದ ಮಟ್ಟವನ್ನು ಜಾಲವೇ ಹೊಂದಿಸಿಕೊಳ್ಳುತ್ತದೆ.

ಬೆಲೆ ತೆರುವುದು ವಿದ್ಯುತ್ತಿನಲ್ಲಿ. ಇಡೀ ದೇಶಗಳ ಬಳಕೆಗೆ ಹೋಲಿಸುವಷ್ಟು ವಿದ್ಯುತ್ ಈ ಹುಡುಕಾಟಕ್ಕೆ ಹೋಗುತ್ತದೆ, ಆದರೂ ಬಿಟ್‌ಕಾಯಿನ್ ಸೆಕೆಂಡಿಗೆ ಸುಮಾರು ಏಳು ವಹಿವಾಟುಗಳನ್ನಷ್ಟೇ ದಾಖಲಿಸಬಲ್ಲದು. ಎಲ್ಲ ಬ್ಲಾಕ್‌ಚೈನ್‌ಗಳೂ ಹೀಗೆಯೇ ಎಂದು ತಿಳಿಯಬಾರದು. ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್ ಜಾಲ 2022ರ ಸೆಪ್ಟೆಂಬರ್ 15ರಂದು ಮೈನಿಂಗ್ ಕೈಬಿಟ್ಟು, ನಾಣ್ಯಗಳನ್ನು ಒತ್ತೆಯಿಟ್ಟವರಿಗೆ ಬರೆಯುವ ಹಕ್ಕು ಕೊಡುವ ಪದ್ಧತಿಗೆ ಬದಲಾಯಿತು. ಅದರ ವಿದ್ಯುತ್ ಬಳಕೆ ಶೇಕಡ 99ಕ್ಕೂ ಹೆಚ್ಚು ಇಳಿಯಿತು. ಅಲ್ಲಿ ತಪ್ಪು ಬರೆದವನು ಕಳೆದುಕೊಳ್ಳುವುದು ಒತ್ತೆಯಿಟ್ಟ ನಾಣ್ಯಗಳನ್ನು.

'ತಿದ್ದಲಾಗದು' ಎಂಬ ಮಾತು

ಬ್ಲಾಕ್‌ಚೈನ್ ಬಗ್ಗೆ ಅತಿ ಹೆಚ್ಚು ಕೇಳಿಬರುವ ಮಾತು ಇದು. ಅದರಲ್ಲಿ ಬರೆದದ್ದು ಶಿಲಾಶಾಸನ, ಯಾರೂ ತಿದ್ದಲಾರರು ಎಂದು. ಹಾಗೆಂದು ಹೇಳುವವರಿಗೆ ನಾನು ನೆನಪಿಸಲು ಬಯಸುವ ದಿನ 2010ರ ಆಗಸ್ಟ್ 15.

ಅಂದು ಬಿಟ್‌ಕಾಯಿನ್‌ನ 74638ನೆಯ ಬ್ಲಾಕ್‌ನಲ್ಲಿ ವಿಚಿತ್ರವಾದ ವಹಿವಾಟೊಂದು ಕಾಣಿಸಿಕೊಂಡಿತು. 2.1 ಕೋಟಿ ಮೀರಬಾರದಾಗಿದ್ದ ನಾಣ್ಯಗಳು ಒಂದೇ ವಹಿವಾಟಿನಲ್ಲಿ ಸುಮಾರು 18,446 ಕೋಟಿಯಷ್ಟು ಹುಟ್ಟಿಬಿಟ್ಟಿದ್ದವು. ಗೂಢಲಿಪಿಯನ್ನು ಯಾರೂ ಮುರಿದಿರಲಿಲ್ಲ. ತಂತ್ರಾಂಶ ಎರಡು ದೊಡ್ಡ ಮೊತ್ತಗಳನ್ನು ಕೂಡುವಾಗ ಸಂಖ್ಯೆ ತನಗೆ ಮೀಸಲಿಟ್ಟ ಜಾಗವನ್ನು ಮೀರಿ ಋಣಸಂಖ್ಯೆಯಾಗಿಬಿಟ್ಟಿತ್ತು. ಒಟ್ಟು ಮೊತ್ತ ಋಣವಾದ್ದರಿಂದ 'ಇದ್ದದ್ದಕ್ಕಿಂತ ಹೆಚ್ಚು ಖರ್ಚಾಗುತ್ತಿದೆಯೇ' ಎಂಬ ತಪಾಸಣೆಯನ್ನು ಅದು ಸಲೀಸಾಗಿ ದಾಟಿತು. ನಿಯಮದ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಹ್ಯಾಶ್ ತಾಳೆಯಾಗುತ್ತಿತ್ತು, ಕೊಂಡಿ ಬಿಗಿಯಾಗಿತ್ತು.

ಆಗ ನಡೆದದ್ದೇನು? ಕೆಲವೇ ಗಂಟೆಗಳಲ್ಲಿ ಸತೋಶಿ ತಿದ್ದಿದ ತಂತ್ರಾಂಶವನ್ನು ಹೊರತಂದರು, ಜಾಲ ನಡೆಸುತ್ತಿದ್ದವರು ಅದನ್ನು ಅಳವಡಿಸಿಕೊಂಡರು, ಆ ಬ್ಲಾಕ್ ಇಲ್ಲದ ಇನ್ನೊಂದು ಕವಲನ್ನು ಕಟ್ಟುತ್ತ ಹೋದರು. ಐವತ್ತಕ್ಕೂ ಹೆಚ್ಚು ಬ್ಲಾಕ್‌ಗಳಾದ ಮೇಲೆ ಹೊಸ ಕವಲು ಹಳೆಯದನ್ನು ಮೀರಿತು. 18,446 ಕೋಟಿ ನಾಣ್ಯಗಳು ಇತಿಹಾಸದಲ್ಲೇ ಇಲ್ಲವಾದವು. ಅಂದು ಬಿಟ್‌ಕಾಯಿನ್ ಬದುಕುಳಿದದ್ದು ತಿದ್ದಲಾಗದ್ದರಿಂದ ಅಲ್ಲ, ತಿದ್ದಲು ಎಲ್ಲರೂ ಒಪ್ಪಿದ್ದರಿಂದ.

ಒಪ್ಪದಿದ್ದರೆ ಏನಾಗುತ್ತದೆ ಎಂಬುದು ಆರು ವರ್ಷಗಳ ನಂತರ ಇಥೀರಿಯಂನಲ್ಲಿ ಗೊತ್ತಾಯಿತು. ದಿ ಡಿಎಒ ಎಂಬ ಹೂಡಿಕೆ ನಿಧಿಯನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಆಗಿ, ಅಂದರೆ ಬ್ಲಾಕ್‌ಚೈನ್‌ನಲ್ಲೇ ಓಡುವ ಪ್ರೋಗ್ರಾಮ್ ಆಗಿ ರೂಪಿಸಿದ್ದರು. ವ್ಯವಸ್ಥಾಪಕರಿಲ್ಲ, ಪ್ರೋಗ್ರಾಮ್ ಬರೆದಂತೆ ಎಲ್ಲವೂ ನಡೆಯುತ್ತದೆ ಎಂಬುದು ಅದರ ಹೆಮ್ಮೆ. 2016ರ ಜೂನ್ 17ರಂದು ಅದರಿಂದ 36 ಲಕ್ಷ ಈಥರ್, ಅಂದರೆ ಇಥೀರಿಯಂನ ನಾಣ್ಯಗಳು, ಹೊರಹರಿದವು. ತಪ್ಪು ಬಹಳ ಸಣ್ಣದು. ಹಣ ವಾಪಸು ಕೇಳಿದವರಿಗೆ ಪ್ರೋಗ್ರಾಮ್ ಮೊದಲು ಹಣ ಕೊಡುತ್ತಿತ್ತು, ಆಮೇಲೆ ಅವರ ಖಾತೆಯಲ್ಲಿ ಕಳೆಯುತ್ತಿತ್ತು. ಕೊಡುವುದಕ್ಕೂ ಕಳೆಯುವುದಕ್ಕೂ ನಡುವಿನ ಆ ಕ್ಷಣದಲ್ಲಿ ದಾಳಿಕೋರ ಮತ್ತೆ ಕೇಳಿದ, ಮತ್ತೆ ಮತ್ತೆ ಕೇಳಿದ. ಖಾತೆಯಲ್ಲಿ ಇನ್ನೂ ಹಣವಿದೆ ಎಂದೇ ಕಂಡ ಪ್ರೋಗ್ರಾಮ್ ಕೊಡುತ್ತಲೇ ಹೋಯಿತು. ಕೊಟ್ಟ ಮೇಲೆ ಬರೆದುಕೊಳ್ಳೋಣ ಎನ್ನುವ ಗುಮಾಸ್ತ ಯಾವ ಕಚೇರಿಯಲ್ಲೂ ಒಂದು ದಿನ ಉಳಿಯುವುದಿಲ್ಲ. ಇಲ್ಲಿ ಗುಮಾಸ್ತನನ್ನು ತಡೆದು ನಿಲ್ಲಿಸುವ ಮೇಲಧಿಕಾರಿಯೇ ಇರಲಿಲ್ಲ.

ಜುಲೈ 20ರಂದು ಇಥೀರಿಯಂ ಬಳಗದ ಬಹುಪಾಲು ಜನ ಸರಪಳಿಯನ್ನೇ ಕವಲೊಡೆದು ಆ ಹಣವನ್ನು ಹಿಂದಕ್ಕೆ ತಂದರು. 'ಬರೆದದ್ದು ಬರೆದಂತಿರಬೇಕು' ಎಂದು ಪಟ್ಟು ಹಿಡಿದವರು ಹಳೆಯ ಕವಲಿನಲ್ಲೇ ಉಳಿದರು, ಅದು ಇಥೀರಿಯಂ ಕ್ಲಾಸಿಕ್ ಎಂಬ ಹೆಸರಿನಲ್ಲಿ ಇಂದಿಗೂ ಇದೆ. ಯಾರ ಕಡೆ ನ್ಯಾಯವಿತ್ತು ಎಂಬುದು ಗಣಿತದ ಪ್ರಶ್ನೆಯಲ್ಲ. ಕಳ್ಳತನ ಎಂದರೇನು, ಒಪ್ಪಂದ ಎಂದರೇನು ಎಂಬ ಹಳೆಯ ಪ್ರಶ್ನೆಗಳೇ ಹೊಸ ವೇಷದಲ್ಲಿ ಬಂದಿದ್ದವು, ಅವಕ್ಕೆ ಉತ್ತರಿಸಬೇಕಾದವರು ಮನುಷ್ಯರೇ ಆಗಿದ್ದರು. ವೈಯಕ್ತಿಕವಾಗಿ, ಹಣ ಹಿಂತಿರುಗಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದಾದ ಮೇಲೂ 'ಇಲ್ಲಿ ಯಾರ ಹಸ್ತಕ್ಷೇಪವೂ ಸಾಧ್ಯವಿಲ್ಲ' ಎಂದು ಹೇಳುವುದು ಸುಳ್ಳು.

ಅದೇ ಇಥೀರಿಯಂ ಕ್ಲಾಸಿಕ್ 2019ರಲ್ಲೂ 2020ರಲ್ಲೂ ಬೇರೆ ಬಗೆಯ ಪೆಟ್ಟು ತಿಂದಿತು. ಅದನ್ನು ಕಾಯುವ ಕಂಪ್ಯೂಟರ್‌ಗಳ ಒಟ್ಟು ಶಕ್ತಿ ಕಡಿಮೆಯಿತ್ತು, ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕೈಗೆ ತೆಗೆದುಕೊಂಡವರು ಇತ್ತೀಚಿನ ಬ್ಲಾಕ್‌ಗಳನ್ನು ಮತ್ತೆ ಬರೆದು, ಖರ್ಚು ಮಾಡಿದ ನಾಣ್ಯಗಳನ್ನು ಇನ್ನೊಮ್ಮೆ ಖರ್ಚು ಮಾಡಿದರು. ಬಿಟ್‌ಕಾಯಿನ್‌ನಷ್ಟು ದೊಡ್ಡ ಜಾಲದಲ್ಲಿ ಇದು ಭಾರೀ ದುಬಾರಿ. ಸಣ್ಣ ಜಾಲದಲ್ಲಿ ಹಾಗಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ಭದ್ರತೆ ಒಂದೇ ಆಗುವುದಿಲ್ಲ.

ಒಳಗೆ ಬಂದ ಸುಳ್ಳು

ಇನ್ನೊಂದು ಮಿತಿ ಇದಕ್ಕಿಂತ ಮೂಲಭೂತ. ಬಿಟ್‌ಕಾಯಿನ್ ವಿಷಯದಲ್ಲಿ ದಾಖಲೆಯೇ ವಸ್ತು. ಪುಸ್ತಕದಲ್ಲಿ ನಾಣ್ಯ ಯಾರ ಹೆಸರಿಗೆ ಇದೆಯೋ ಅವರದ್ದೇ, ಪುಸ್ತಕದ ಹೊರಗೆ ನಾಣ್ಯ ಎಂಬುದೇ ಇಲ್ಲ. ಆದರೆ ಜಮೀನು, ಔಷಧ, ಸರಕಿನ ಪೆಟ್ಟಿಗೆ, ಪದವಿ ಪತ್ರ ಇವೆಲ್ಲ ಪುಸ್ತಕದ ಹೊರಗಿರುವ ವಸ್ತುಗಳು. ಪೆಟ್ಟಿಗೆಯಲ್ಲಿ ಅಸಲಿ ಔಷಧವಿದೆ ಎಂದು ಗೋದಾಮಿನ ನೌಕರ ಬರೆದರೆ ಬ್ಲಾಕ್‌ಚೈನ್ ಅದನ್ನು ಜೋಪಾನವಾಗಿ ಕಾಪಾಡುತ್ತದೆ. ಒಳಗಿರುವುದು ನಕಲಿಯಾದರೆ ಅದು ಕಾಪಾಡುವುದು ಸುಳ್ಳನ್ನು. 'ಇಂಥವರು ಇಂಥ ಹೊತ್ತಿನಲ್ಲಿ ಹೀಗೆ ಬರೆದರು' ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಬರೆದದ್ದು ನಿಜವೇ ಎಂದು ನೋಡಲು ಪೆಟ್ಟಿಗೆ ತೆರೆಯುವ ಕೈ ಬೇಕೇ ಬೇಕು. ಭೂದಾಖಲೆಯನ್ನು ಬ್ಲಾಕ್‌ಚೈನ್‌ಗೆ ಹಾಕಿದರೆ ವ್ಯಾಜ್ಯಗಳು ಮುಗಿಯುತ್ತವೆ ಎನ್ನುವವರು ಇದನ್ನು ಮರೆಯುತ್ತಾರೆ. ವ್ಯಾಜ್ಯಗಳು ಹುಟ್ಟುವುದು ದಾಖಲೆ ತಿದ್ದಿದ್ದರಿಂದಷ್ಟೇ ಅಲ್ಲ, ಮೊದಲು ಬರೆಯುವಾಗಲೇ ತಪ್ಪು ಹೆಸರು, ತಪ್ಪು ಗಡಿ ಸೇರಿದ್ದರಿಂದಲೂ.

ಕಂಪನಿಗಳು ಕಟ್ಟಿದ ಬ್ಲಾಕ್‌ಚೈನ್‌ಗಳ ಕಥೆಯೂ ಇಲ್ಲಿ ಬರುತ್ತದೆ. ಡೆನ್ಮಾರ್ಕ್‌ನ ಹಡಗು ಕಂಪನಿ ಮೇರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ಟ್ರೇಡ್‌ಲೆನ್ಸ್ ಎಂಬ ವೇದಿಕೆಯನ್ನು ಪ್ರಕಟಿಸಿದವು. ಹಡಗಿನ ಸರಕಿನ ಕಾಗದಪತ್ರಗಳೆಲ್ಲ ಅದರಲ್ಲಿ ಹರಿಯಬೇಕಿತ್ತು. 2022ರ ನವೆಂಬರ್‌ನಲ್ಲಿ ಅದನ್ನು ಮುಚ್ಚುವುದಾಗಿ ಹೇಳಿದವು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಎಂಬುದು ಅವರೇ ಕೊಟ್ಟ ಕಾರಣ. ಅದೇ ತಿಂಗಳು ಆಸ್ಟ್ರೇಲಿಯಾದ ಷೇರು ವಿನಿಮಯ ಕೇಂದ್ರ, ತನ್ನ ವಹಿವಾಟು ಇತ್ಯರ್ಥ ವ್ಯವಸ್ಥೆಯನ್ನು ಈ ಬಗೆಯ ತಂತ್ರಜ್ಞಾನಕ್ಕೆ ಬದಲಿಸುವ ಯೋಜನೆಯನ್ನು ವರ್ಷಗಳ ಕೆಲಸದ ನಂತರ ಕೈಬಿಟ್ಟು, ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟ ಬರೆದುಕೊಂಡಿತು.

ಈ ಸೋಲುಗಳನ್ನು ತಂತ್ರಜ್ಞಾನ ಇನ್ನೂ ಹದಕ್ಕೆ ಬಂದಿಲ್ಲ ಎಂದು ವಿವರಿಸುವುದು ವಾಡಿಕೆ. ನನಗೆ ಕಾಣುವ ಕಾರಣ ಬೇರೆ. ಮೈನಿಂಗ್, ಒತ್ತೆ, ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇಡುವ ಪ್ರತಿಗಳು ಎಂಬ ಇಷ್ಟು ದುಬಾರಿ ಏರ್ಪಾಡಿಗೆ ಅರ್ಥವಿರುವುದು ಬರೆಯುವವರು ಪರಸ್ಪರ ಅಪರಿಚಿತರಾಗಿದ್ದು, ಮೇಲ್ವಿಚಾರಣೆಗೆ ಯಾರನ್ನೂ ಒಪ್ಪದಿದ್ದಾಗ. ಷೇರು ವಿನಿಮಯ ಕೇಂದ್ರ ಸ್ವತಃ ಮೇಲ್ವಿಚಾರಕ. ಅಲ್ಲಿ ಒಳ್ಳೆಯ ಡೇಟಾಬೇಸ್, ಸರಿಯಾದ ಬ್ಯಾಕಪ್, ಹೊರಗಿನವರ ಲೆಕ್ಕತಪಾಸಣೆ ಇದ್ದರೆ ಕೆಲಸ ನಡೆಯುತ್ತದೆ. ಹಡಗು ಕಂಪನಿಗಳ ನಡುವಿನ ತೊಡಕು ಪ್ರತಿಸ್ಪರ್ಧಿಯ ವೇದಿಕೆಯಲ್ಲಿ ತಮ್ಮ ವ್ಯಾಪಾರದ ಗುಟ್ಟು ಇಡಬೇಕೇ ಎಂಬುದು. ಅದನ್ನು ಹ್ಯಾಶ್ ಬಗೆಹರಿಸದು.

ಹೆಸರಿಗೆ ವಿಕೇಂದ್ರೀಕರಣ, ಒಳಗೆ ನಾಲ್ಕಾರು ಜನ ಎಂಬ ಸ್ಥಿತಿಯೂ ಅಪರೂಪವಲ್ಲ. ರೋನಿನ್ ಎಂಬ ಜಾಲದಿಂದ ಹಣ ಹೊರತೆಗೆಯಲು ಒಂಬತ್ತು ಕೀಲಿಗಳಲ್ಲಿ (ಸಹಿ ಮಾಡಲು ಬಳಸುವ ಗುಪ್ತ ಸಂಖ್ಯೆಗಳು) ಐದರ ಸಹಿ ಸಾಕಾಗಿತ್ತು. 2022ರ ಮಾರ್ಚ್‌ನಲ್ಲಿ ದಾಳಿಕೋರರು ಐದು ಕೀಲಿಗಳನ್ನು ಕದ್ದರು, ಅವುಗಳಲ್ಲಿ ನಾಲ್ಕು ಒಂದೇ ಕಂಪನಿಯ ಕೈಯಲ್ಲಿದ್ದವು. ಹೋದದ್ದು 1,73,600 ಈಥರ್ ಮತ್ತು ಒಂದೊಂದು ಡಾಲರ್‌ಗೆ ಸಮನಾದ ಬೆಲೆಯ 2.55 ಕೋಟಿ ನಾಣ್ಯಗಳು. ಅದೇ ವರ್ಷದ ಮೇ ತಿಂಗಳಲ್ಲಿ ಟೆರಾ ನಾಣ್ಯ ಕುಸಿದಾಗ ಅದರ ಬ್ಲಾಕ್‌ಚೈನನ್ನೇ ನಡೆಸುವವರು ಮಾತಾಡಿಕೊಂಡು ನಿಲ್ಲಿಸಿದರು. ನಿಲ್ಲಿಸಲು ಬರುವ ಯಂತ್ರಕ್ಕೆ ನಡೆಸುವವರು ಇದ್ದೇ ಇರುತ್ತಾರೆ.

'ಯಾವ ಕೀಲಿ?'

ಪರಿಚಯದ ಹಿರಿಯರೊಬ್ಬರು ಒಮ್ಮೆ ತಮ್ಮ ಮೊಬೈಲ್ ತೆರೆದು ಒಂದು ಆ್ಯಪ್ ತೋರಿಸಿದರು. ದಿನೇ ದಿನೇ ಏರುತ್ತಿದ್ದ ಒಂದು ಸಂಖ್ಯೆ, ಪಕ್ಕದಲ್ಲಿ ಹಸಿರು ಬಾಣ. "ಇದೆಲ್ಲ ಬ್ಲಾಕ್‌ಚೈನ್‌ನಲ್ಲಿದೆಯಂತೆ, ಯಾರಿಗೂ ಕದಿಯಲು ಆಗುವುದಿಲ್ಲವಂತೆ" ಎಂದರು.

"ನಿಮ್ಮ ಖಾಸಗಿ ಕೀಲಿಯನ್ನು ಎಲ್ಲಿ ಬರೆದಿಟ್ಟಿದ್ದೀರಿ ಸಾರ್?" ಎಂದು ಕೇಳಿದೆ.

"ಯಾವ ಕೀಲಿ?"

ಆ ಎರಡು ಪದಗಳಲ್ಲೇ ನನಗೆ ಉತ್ತರ ಸಿಕ್ಕಿತ್ತು. ಬ್ಲಾಕ್‌ಚೈನ್‌ನಲ್ಲಿ ಹಣ ನಮ್ಮದು ಎನ್ನಲು ಇರುವ ಆಧಾರ ಒಂದೇ, ಅದು ಖಾಸಗಿ ಕೀಲಿ ಎಂಬ ಗುಪ್ತ ಸಂಖ್ಯೆ. ಅದರಿಂದ ಸಹಿ ಮಾಡಿದರೆ ಮಾತ್ರ ಹಣ ಕದಲುತ್ತದೆ. ಕೀಲಿ ಕಳೆದರೆ ಹಣ ಹೋಯಿತು, ದೂರು ಕೊಡಲು ಶಾಖೆಯಿಲ್ಲ. ಕೀಲಿಯನ್ನು ಬೇರೆಯವರಿಗೆ ಒಪ್ಪಿಸಿದ್ದರೆ ನಮ್ಮ ಕೈಯಲ್ಲಿರುವುದು ಅವರ ಮಾತು ಮಾತ್ರ. ಆ ಆ್ಯಪ್‌ನಲ್ಲಿದ್ದದ್ದು ಯಾರೋ ತಮ್ಮ ಕಂಪ್ಯೂಟರ್‌ನಲ್ಲಿ ಬರೆದಿಟ್ಟ ಒಂದು ಅಂಕಿ. ಹಣ ವಾಪಸು ಕೇಳಿದಾಗ 'ಮೊದಲು ತೆರಿಗೆ ಕಟ್ಟಿ' ಎಂಬ ಸಂದೇಶ ಬಂತು. ಕಟ್ಟಿದ ಮೇಲೆ ಇನ್ನೊಂದು ಶುಲ್ಕ. ಆಮೇಲೆ ಆ್ಯಪ್ ತೆರೆಯಲೇ ಇಲ್ಲ. ಅವರು ಬಹುದಿನ ಯಾರಿಗೂ ಹೇಳದೆ ನುಂಗಿಕೊಂಡಿದ್ದರು. ದುಡ್ಡಿಗಿಂತ ಅವರನ್ನು ಕೊರೆಯುತ್ತಿದ್ದದ್ದು, ಇಷ್ಟು ಓದಿಯೂ ಮೋಸಹೋದೆನಲ್ಲ ಎಂಬ ನಾಚಿಕೆ.

ಅವರು ನಾಚಬೇಕಾಗಿರಲಿಲ್ಲ. ದೊಡ್ಡ ಹೆಸರಿನ ಕೇಂದ್ರಗಳಲ್ಲಿ ಹಣವಿಟ್ಟವರ ಪಾಡೂ ಇದೇ ಆಗಿದೆ. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬಿಟ್‌ಕಾಯಿನ್ ವಿನಿಮಯ ಕೇಂದ್ರವಾಗಿದ್ದ ಮೌಂಟ್ ಗಾಕ್ಸ್ 2014ರಲ್ಲಿ ಸುಮಾರು 8,50,000 ನಾಣ್ಯಗಳು ಕಾಣೆಯಾಗಿವೆ ಎಂದು ಹೇಳಿ ದಿವಾಳಿಯಾಯಿತು, ಅವುಗಳಲ್ಲಿ ಸುಮಾರು 2,00,000 ಆಮೇಲೆ ಸಿಕ್ಕವು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಕುಸಿಯಿತು. ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್ ಗ್ರಾಹಕರ ಹಣವನ್ನು ತನ್ನದೇ ಇನ್ನೊಂದು ಕಂಪನಿಗೆ ಹರಿಸಿದ್ದು ನ್ಯಾಯಾಲಯದಲ್ಲಿ ಸಾಬೀತಾಗಿ 2024ರಲ್ಲಿ 25 ವರ್ಷಗಳ ಶಿಕ್ಷೆಯಾಯಿತು. ಎರಡೂ ಸಲ ಬಿಟ್‌ಕಾಯಿನ್ ಸರಪಳಿ ಹತ್ತು ನಿಮಿಷಕ್ಕೊಂದರಂತೆ ತನ್ನ ಪಾಡಿಗೆ ಬೆಳೆಯುತ್ತಲೇ ಇತ್ತು. ಮುರಿದುಬಿದ್ದದ್ದು ಸರಪಳಿಯ ಹೊರಗೆ, ಜನ ತಮ್ಮ ಕೀಲಿ ಒಪ್ಪಿಸಿ ನಂಬಿದ ಕಚೇರಿಗಳಲ್ಲಿ. ಬ್ಲಾಕ್‌ಚೈನ್ ನಂಬಿಕೆಯ ಅಗತ್ಯವನ್ನೇ ತೆಗೆದುಹಾಕುತ್ತದೆ ಎನ್ನುತ್ತಾರೆ. ತೆಗೆಯುವುದಿಲ್ಲ, ಜಾಗ ಬದಲಿಸುತ್ತದೆ. ಬ್ಯಾಂಕಿನ ಮೇಲಿದ್ದ ನಂಬಿಕೆ ಪ್ರೋಗ್ರಾಮ್ ಬರೆದವರ ಮೇಲೆ, ವಿನಿಮಯ ಕೇಂದ್ರದ ಮೇಲೆ, ಕೀಲಿ ಬರೆದಿಟ್ಟ ಚೀಟಿಯ ಮೇಲೆ ಹೋಗಿ ಕೂರುತ್ತದೆ.

ಡಾಲರ್‌ಗೆ ಸಮನಾದ ಬೆಲೆಯ ಸ್ಟೇಬಲ್‌ಕಾಯಿನ್‌ಗಳ ವಿಷಯದಲ್ಲಿ ಈ ನಂಬಿಕೆಯ ಜಾಗ ಈಗ ಕಾನೂನಿಗೂ ಗೊತ್ತಾಗಿದೆ. ಬ್ಯಾಂಕ್ ಮುಚ್ಚಿರುವ ರಾತ್ರಿಯಲ್ಲೂ ಗಡಿಯಾಚೆ ಹಣ ಕಳಿಸಲು ಇವು ನಿಜಕ್ಕೂ ಉಪಯೋಗಕ್ಕೆ ಬರುತ್ತಿವೆ. ಬ್ಲಾಕ್‌ಚೈನ್‌ನ ದೊಡ್ಡ ದಿನಬಳಕೆ ಎಂದರೆ ಸದ್ಯಕ್ಕೆ ಇದೇ ಇರಬೇಕು. ಆದರೆ ಒಂದು ನಾಣ್ಯಕ್ಕೆ ಒಂದು ಡಾಲರ್ ಹಿಂದೆ ನಿಜವಾಗಿ ಇದೆಯೇ ಎಂಬುದು ಸರಪಳಿಯನ್ನು ನೋಡಿದರೆ ತಿಳಿಯದು, ಹೊರಡಿಸಿದ ಕಂಪನಿಯ ಬ್ಯಾಂಕ್ ಖಾತೆಯನ್ನು ತೆರೆದೇ ನೋಡಬೇಕು. ಐರೋಪ್ಯ ಒಕ್ಕೂಟದ ನಿಯಮಗಳು 2024ರ ಕೊನೆಗೆ ಪೂರ್ಣವಾಗಿ ಜಾರಿಗೆ ಬಂದವು, ಅಮೆರಿಕ 2025ರ ಜುಲೈನಲ್ಲಿ ಕಾನೂನು ಮಾಡಿತು. ಎರಡರಲ್ಲೂ ಮೀಸಲು ಹಣ ಇಡಬೇಕು, ಅದರ ಲೆಕ್ಕ ಪ್ರಕಟಿಸಬೇಕು ಎಂಬ ಹಳೆಯ ಕಾಲದ ಷರತ್ತುಗಳೇ ಮುಖ್ಯವಾಗಿವೆ.

ಸದ್ದಿಲ್ಲದೆ ಗೆದ್ದ ಕಡೆ

ಹಾಗಾದರೆ ಹ್ಯಾಶ್ ಕೊಂಡಿಯ ಮೂಲ ವಿಚಾರ ಎಲ್ಲಿ ಫಲ ಕೊಟ್ಟಿದೆ? ಹೆಚ್ಚಿನ ಪಾಲು, ಬ್ಲಾಕ್‌ಚೈನ್ ಎಂಬ ಹೆಸರಿಲ್ಲದ ಕಡೆ. 2011ರಲ್ಲಿ ಡಿಜಿನೋಟಾರ್ ಎಂಬ ಡಚ್ ಸಂಸ್ಥೆಯ ವ್ಯವಸ್ಥೆಗೆ ನುಗ್ಗಿದವರು ಗೂಗಲ್ ಸೇರಿದಂತೆ ಹಲವು ತಾಣಗಳ ಹೆಸರಿನಲ್ಲಿ ಸುಳ್ಳು ಭದ್ರತಾ ಪ್ರಮಾಣಪತ್ರಗಳನ್ನು, ಅಂದರೆ ತಾಣ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ದಾಖಲೆಗಳನ್ನು, ಹೊರಡಿಸಿದರು. ಅದಾದ ಮೇಲೆ ರೂಪುಗೊಂಡ ಪ್ರಮಾಣಪತ್ರ ಪಾರದರ್ಶಕತೆಯ ಏರ್ಪಾಡಿನಲ್ಲಿ ಹೊರಡಿಸಿದ ಪ್ರಮಾಣಪತ್ರಗಳನ್ನು ಎಲ್ಲರೂ ನೋಡಬಹುದಾದ, ಹ್ಯಾಶ್‌ಗಳಿಂದ ಬಿಗಿದ, ಸೇರಿಸಬಹುದಾದ ಆದರೆ ಅಳಿಸಲಾಗದ ಪಟ್ಟಿಗಳಲ್ಲಿ ದಾಖಲಿಸುತ್ತಾರೆ. ಮೈನಿಂಗ್ ಇಲ್ಲ, ನಾಣ್ಯವಿಲ್ಲ. ನಾವು ಸುರಕ್ಷಿತ ತಾಣವೊಂದನ್ನು ತೆರೆದಾಗಲೆಲ್ಲ ಮುಖ್ಯ ಬ್ರೌಸರ್‌ಗಳು ಇದರ ನೆರವು ಪಡೆಯುತ್ತವೆ. ಪ್ರೋಗ್ರಾಮ್‌ಗಳ ಬದಲಾವಣೆಗಳ ಲೆಕ್ಕವಿಡಲು 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ ಗಿಟ್ ಎಂಬ ತಂತ್ರಾಂಶದಲ್ಲಿ ಕೂಡ ಪ್ರೋಗ್ರಾಮ್‌ನ ಪ್ರತಿ ಬದಲಾವಣೆಯೂ ಹಿಂದಿನದರ ಹ್ಯಾಶ್ ಹೊತ್ತಿರುತ್ತದೆ. ಬಿಟ್‌ಕಾಯಿನ್‌ನ ತಂತ್ರಾಂಶವೂ ಅದರಲ್ಲೇ ಇದೆ.

ಇನ್ನು ಉಳಿದಿರುವುದು ಅಳಿಸಲಾಗದ್ದರ ತೊಂದರೆ. ಬಿಟ್‌ಕಾಯಿನ್‌ನ ಮೊದಲ ಬ್ಲಾಕ್‌ನಲ್ಲಿ ಸತೋಶಿ ಅಂದಿನ ಲಂಡನ್ ಟೈಮ್ಸ್ ಪತ್ರಿಕೆಯ ಒಂದು ತಲೆಬರಹವನ್ನು ಸೇರಿಸಿದ್ದರು. ಬ್ಯಾಂಕುಗಳಿಗೆ ಎರಡನೆಯ ಸಲ ಸರ್ಕಾರದ ನೆರವು ಕೊಡುವ ಹಂತದಲ್ಲಿ ಹಣಕಾಸು ಸಚಿವರಿದ್ದಾರೆ ಎಂಬ ಸುದ್ದಿ ಅದು. ಬ್ಲಾಕ್ ಆ ದಿನಕ್ಕಿಂತ ಮೊದಲಿನದಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಸತೋಶಿ ಸೇರಿಸಿದಂತೆ ಬೇರೆಯವರೂ ಸೇರಿಸಿದರು. 2018ರಲ್ಲಿ ಜರ್ಮನಿಯ ಸಂಶೋಧಕರು ಬಿಟ್‌ಕಾಯಿನ್ ಸರಪಳಿಯೊಳಗೆ 1,600ಕ್ಕೂ ಹೆಚ್ಚು ಕಡತಗಳನ್ನು ಗುರುತಿಸಿದರು. ಅವುಗಳಲ್ಲಿ ಆಕ್ಷೇಪಾರ್ಹವಾದವೂ, ಇನ್ನೊಬ್ಬರ ಖಾಸಗಿತನಕ್ಕೆ ಕೈಹಾಕಿದವೂ ಇದ್ದವು. ಅದೇ ವರ್ಷ ಜಾರಿಗೆ ಬಂದ ಯುರೋಪಿನ ದತ್ತಾಂಶ ರಕ್ಷಣೆಯ ಕಾನೂನು, ನನ್ನ ವಿವರ ಅಳಿಸಿ ಎಂದು ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಯಾರನ್ನು ಕೇಳುವುದು? ಸಾವಿರಾರು ಕಂಪ್ಯೂಟರ್‌ಗಳಲ್ಲಿ ಪ್ರತಿ ಇದೆ, ಒಡೆಯರಿಲ್ಲ.

ಆರೋಗ್ಯದ ದಾಖಲೆ, ಅಂಕಪಟ್ಟಿ, ಗುರುತಿನ ಚೀಟಿ ಇವನ್ನೆಲ್ಲ ಬ್ಲಾಕ್‌ಚೈನ್‌ನಲ್ಲಿ ಇಡುತ್ತೇವೆ ಎನ್ನುವ ಪ್ರತಿ ಯೋಜನೆಯನ್ನೂ ನಾನು ಮೊದಲು ತಡೆದು ನಿಲ್ಲಿಸುವುದು ಇಲ್ಲಿ. ಅರಿತವರು ದಾಖಲೆಯನ್ನು ಹೊರಗೆ, ಅಳಿಸಬಹುದಾದ ಜಾಗದಲ್ಲಿ ಇಟ್ಟು, ಅದಕ್ಕೆ ಒಂದು ಗುಪ್ತ ಸಂಖ್ಯೆ ಬೆರೆಸಿ ತೆಗೆದ ಹ್ಯಾಶನ್ನು ಮಾತ್ರ ಸರಪಳಿಗೆ ಹಾಕುತ್ತಾರೆ. ಬೆರೆಸದಿದ್ದರೆ ಹತ್ತು ಅಂಕಿಯ ಫೋನ್ ಸಂಖ್ಯೆಯಂಥದ್ದನ್ನು ಎಲ್ಲ ಸಾಧ್ಯತೆಗಳನ್ನೂ ಹ್ಯಾಶ್ ಮಾಡಿ ನೋಡಿ ಕ್ಷಣಾರ್ಧದಲ್ಲಿ ಕಂಡುಹಿಡಿಯಬಹುದು. ಹೀಗೆ ಮಾಡಿದಾಗ ಮೂಲ ಕಡತವನ್ನೂ ಗುಪ್ತ ಸಂಖ್ಯೆಯನ್ನೂ ಅಳಿಸಿದರೆ ಸರಪಳಿಯಲ್ಲಿ ಉಳಿಯುವುದು ಯಾರಿಗೂ ಏನನ್ನೂ ಹೇಳದ 64 ಅಂಕಿ-ಅಕ್ಷರಗಳು. 1995ರಲ್ಲಿ ಆ ಪತ್ರಿಕೆಯ ಕಿರು ಜಾಹೀರಾತುಗಳ ನಡುವೆ ಅಚ್ಚಾದದ್ದೂ ಇಂಥದ್ದೇ ಒಂದು ಸಾಲು. ದಾಖಲೆಗಳೆಲ್ಲ ಅವುಗಳ ಒಡೆಯರ ಕಪಾಟಿನಲ್ಲೇ ಇದ್ದವು.